ಹಾಸನದಿಂದ ಕಾರ್ನಿಯಾ ಆಪರೇಷನ್‌ಗೆ ಹೊರಟವರಿಗೆ: ಆಸ್ಪತ್ರೆ ಹೇಗಿತ್ತು, ಯಾವ ಆಪರೇಷನ್ ಯಾರಿಗೆ

ಮೊದಲೇ ಹೇಳಿಬಿಡುತ್ತೇನೆ. ಸರ್ಜನ್ ಕೆಲಸಕ್ಕೆ ಐದಕ್ಕೆ ಐದು. ಬಿಲ್ಲಿಂಗ್ ಕೌಂಟರಿಗೆ ಐದಕ್ಕೆ ಎರಡು, ಅದೂ ಅಲ್ಲಿ ಕೂತಿದ್ದ ಹುಡುಗಿ ಪಾಪ ಒಳ್ಳೆಯವಳು ಅಂತ.

ಅಮ್ಮನ ಬಲಗಣ್ಣಿಗೆ ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಾರ್ನಿಯಾ ಕಸಿ ಮಾಡಿಸಿದೆವು. ಆಸ್ಪತ್ರೆ ಹೆಸರು ಹಾಕುವುದಿಲ್ಲ. ದೂರುಗಳಿವೆ, ಆದರೆ ಒಂದೇ ಕಡೆ ಬೊಟ್ಟು ಮಾಡಿ ತೋರಿಸುವಂಥವಲ್ಲ, ವಾರ್ಡಿನಲ್ಲಿ ಸಿಕ್ಕ ಬೇರೆಯವರೂ ಬೇರೆ ಬೇರೆ ಆಸ್ಪತ್ರೆಗಳ ಬಗ್ಗೆ ಇದೇ ರಾಗ ಹಾಡುತ್ತಿದ್ದರು. ಸಕಲೇಶಪುರದವರು, ಬೇಲೂರಿನವರು, ಮೂಡಿಗೆರೆ ಕಡೆಯ ಒಬ್ಬರು ಎಸ್ಟೇಟ್ ರೈಟರು (ತೋಟದ ಲೆಕ್ಕಪತ್ರ ನೋಡುವವರು), ಎಲ್ಲರೂ ಅಲ್ಲಿದ್ದರು. ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ. "ಎಲ್ಲಿ ಚೆನ್ನಾಗಿ ಮಾಡ್ತಾರೆ? ಎಷ್ಟಾಗುತ್ತೆ?" ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಕಾರ್ನಿಯಾದ ಯಾವ ಪದರ ಹಾಳಾಗಿದೆ? ಅದು ಗೊತ್ತಾಗದೆ ಆಸ್ಪತ್ರೆ ಹುಡುಕಿದರೆ ಸುಮ್ನೆ ಓಡಾಟ.

ಅಮ್ಮನ ವಿಷಯ ಹೀಗೆ. ಪೊರೆ ಆಪರೇಷನ್ ಮೊದಲೇ ಆಗಿತ್ತು. ಲೆನ್ಸ್ ಚೆನ್ನಾಗಿ ಕೂತಿದೆ ಅಂದರು. ಆದರೂ ಕಣ್ಣು ತಿಳಿಯಾಗಲೇ ಇಲ್ಲ. ಬೆಳಗ್ಗೆ ಎದ್ದಾಗ ಏನೂ ಕಾಣುತ್ತಿರಲಿಲ್ಲ, "ಅನ್ನ ಬಸಿಯುವಾಗ ಕನ್ನಡಕಕ್ಕೆ ಹಬೆ ಹೊಡೆದ ಹಾಗೆ" ಅನ್ನುತ್ತಿದ್ದರು, ಮಧ್ಯಾಹ್ನ ದಾಟಿದ ಮೇಲೆ ಸ್ವಲ್ಪ ವಾಸಿ. ಆಪರೇಷನ್ ಮಾಡಿದ ಜಾಗದಲ್ಲಿ ಕೇಳಿದರೆ "ಸ್ವಲ್ಪ ದಿನ ಹೀಗೇ ಇರುತ್ತೆ" ಅಂತ ಡ್ರಾಪ್ಸ್ ಬದಲಾಯಿಸಿ ಕಳಿಸುತ್ತಿದ್ದರು. ಕೊನೆಗೆ ಹಾಸನದಲ್ಲೇ ಇನ್ನೊಬ್ಬ ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನಿಧಾನವಾಗಿ ನೋಡಿ ಹೇಳಿದರು. "ಲೆನ್ಸ್ ತೊಂದರೆ ಅಲ್ಲಮ್ಮ. ಕಾರ್ನಿಯಾ ನೀರು ಕುಡಿದು ಊದಿಕೊಂಡಿದೆ. ಎಡಗಣ್ಣಲ್ಲೂ ಶುರುವಾಗಿದೆ ನೋಡಿ."

ಈ ಕಾಯಿಲೆಗೆ ಫುಕ್ಸ್ ಡಿಸ್ಟ್ರೋಫಿ ಅಂತ ಹೆಸರು. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ.

ಇಲ್ಲಿ ಸ್ವಲ್ಪ ಪಾಠ ಮಾಡಲೇಬೇಕು, ಬೇಜಾರಾಗಬೇಡಿ. ಕಾರ್ನಿಯಾ ಅಂದರೆ ಕಣ್ಣಿನ ಕಪ್ಪು ಭಾಗದ ಮುಂದೆ ಇರುವ ಪಾರದರ್ಶಕ ಪದರ. ಮಧ್ಯದಲ್ಲಿ ಅದರ ದಪ್ಪ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್, ಡಾಕ್ಟರುಗಳ ಲೆಕ್ಕದಲ್ಲಿ 540, 550 ಮೈಕ್ರಾನ್. ಅಷ್ಟರೊಳಗೇ ಹಲವು ಪದರ. ಹೊರಗೆ ತೆಳ್ಳಗಿನ ಎಪಿಥೀಲಿಯಂ, ಮಧ್ಯೆ ದಪ್ಪನೆಯ ಸ್ಟ್ರೋಮಾ, ಒಳಗೆ ಡೆಸಿಮೆಟ್ ಪೊರೆ, ಅದರ ಬೆನ್ನಿಗೆ ಒಂದೇ ಸಾಲು ಕೋಶಗಳಿರುವ ಎಂಡೋಥೀಲಿಯಂ. ಈ ಕೊನೆಯ ಸಾಲು ಹಗಲೂ ರಾತ್ರಿ ಕಾರ್ನಿಯಾದಿಂದ ನೀರನ್ನು ಹೊರಗೆ ಹಾಕುತ್ತಿರಬೇಕು. ಅದು ನಿಂತರೆ ಕಾರ್ನಿಯಾ ಊದುತ್ತದೆ, ಮಬ್ಬಾಗುತ್ತದೆ. ರಾತ್ರಿ ರೆಪ್ಪೆ ಮುಚ್ಚಿರುವುದರಿಂದ ನೀರು ಆವಿಯಾಗಲು ದಾರಿ ಇಲ್ಲ, ಅದಕ್ಕೇ ಬೆಳಗ್ಗೆ ಜಾಸ್ತಿ ಮಬ್ಬು. ಆ ಕೋಶಗಳು ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಪೊರೆ ಆಪರೇಷನ್‌ನಲ್ಲಿ ಎಲ್ಲರಿಗೂ ಒಂದಿಷ್ಟು ಕೋಶ ಸಾಯುತ್ತವೆ, ಅದು ಯಾರ ತಪ್ಪೂ ಅಲ್ಲ. ಆದರೆ ಮೊದಲೇ ಕಮ್ಮಿ ಇದ್ದವರಿಗೆ ಆ ಪೆಟ್ಟು ತಡೆಯುವುದಿಲ್ಲ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಪೊರೆ ಆಪರೇಷನ್ ಇದ್ದರೆ, ಬೆಳಗ್ಗೆ ಮಬ್ಬು ಸಂಜೆ ವಾಸಿ ಅನ್ನುವ ಲಕ್ಷಣ ಇದ್ದರೆ, ಸ್ಪೆಕ್ಯುಲರ್ ಮೈಕ್ರೋಸ್ಕೋಪಿ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ. ಒಂದು ಫೋಟೋ ತೆಗೆದ ಹಾಗೆ, ಅಷ್ಟೇ. ನೋವಿಲ್ಲ. ಚದರ ಮಿಲಿಮೀಟರಿಗೆ ಎಷ್ಟು ಕೋಶ ಇವೆ ಅಂತ ಸಂಖ್ಯೆ ಬರುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ 2,500ರ ಆಸುಪಾಸು ಇರುತ್ತದೆ. ಅಮ್ಮನಿಗೆ ಇದನ್ನು ಪೊರೆ ಆಪರೇಷನ್‌ಗೆ ಮೊದಲು ಯಾರೂ ಮಾಡಿಸಲಿಲ್ಲ, ಆ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಈಗ ಆಪರೇಷನ್‌ಗಳ ವಿಷಯ. ನಮ್ಮ ಕಡೆ ಕಾರ್ನಿಯಾ ಕಸಿ ಅಂದರೆ ಇಡೀ ಕಣ್ಣುಗುಡ್ಡೆ ತೆಗೆದು ಬೇರೆಯದು ಕೂರಿಸುತ್ತಾರೆ ಅಂದುಕೊಂಡವರೇ ಜಾಸ್ತಿ. ನಮ್ಮ ಚಿಕ್ಕಪ್ಪ ಅಂತೂ "ಯಾರದೋ ಕಣ್ಣು ಹಾಕಿದ್ರೆ ನಮ್ಮನ್ನ ಗುರುತು ಹಿಡಿಯುತ್ತಾ ಅದು?" ಅಂತ ಗಂಭೀರವಾಗಿಯೇ ಕೇಳಿದರು. ಈ ಆಪರೇಷನ್‌ನಲ್ಲಿ ಇಡೀ ಕಣ್ಣನ್ನು ಬದಲಾಯಿಸುವುದಿಲ್ಲ. ಹಾಕುವುದು ಕಾರ್ನಿಯಾ ಮಾತ್ರ. ಅದರಲ್ಲೂ ಎಷ್ಟೋ ಸಲ ಅದರ ಒಂದು ಪದರ ಮಾತ್ರ.

ಹಳೆಯ, ಎಲ್ಲರಿಗೂ ಗೊತ್ತಿರುವ ವಿಧಾನ ಪಿಕೆ. ಹಾಳಾದ ಕಾರ್ನಿಯಾದ ಮಧ್ಯಭಾಗವನ್ನು ದುಂಡಗೆ ಪೂರ್ತಿ ದಪ್ಪ ಕತ್ತರಿಸಿ ತೆಗೆದು, ದಾನಿಯದನ್ನು ಅದೇ ಆಕಾರಕ್ಕೆ ಕೂರಿಸಿ ಸುತ್ತಲೂ ಹೊಲಿಯುತ್ತಾರೆ. ದಾರ ನೈಲಾನಿನದು, ಕೂದಲಿಗಿಂತ ತೆಳು, ಸಾಮಾನ್ಯವಾಗಿ 16 ಹೊಲಿಗೆ. ಗಾಯ ಆಳವಾಗಿ ಪೂರ್ತಿ ಕಾರ್ನಿಯಾ ಬಿಳಿಯಾದವರಿಗೆ, ಹುಣ್ಣಾಗಿ ತೂತು ಬಿದ್ದವರಿಗೆ ಇದೇ ದಾರಿ. ಮೂಡಿಗೆರೆಯ ರೈಟರಿಗೆ ಮಾಡಿದ್ದು ಇದೇ. ಕಾಫಿ ಗಿಡದ ರೆಕ್ಕೆ (ಕೊಂಬೆ) ಕಣ್ಣಿಗೆ ಹೊಡೆದು, ಫಂಗಸ್ ಹುಣ್ಣಾಗಿ, ಮೆಡಿಕಲ್ ಶಾಪಿನವನು ಕೊಟ್ಟ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡು ಅದು ಇನ್ನೂ ಹರಡಿ, ಕೊನೆಗೆ ಕಣ್ಣು ಉಳಿಸುವುದಕ್ಕೇ ಕಸಿ ಮಾಡಬೇಕಾಯಿತಂತೆ. ಅಂಥ ಕಸಿ ಮೊದಲು ಸೋಂಕು ತೆಗೆಯುವುದಕ್ಕೆ. ದೃಷ್ಟಿ ಆಮೇಲಿನ ಮಾತು.

ಪಿಕೆ ಬಗ್ಗೆ ಡಾಕ್ಟರುಗಳು ಅವಸರದಲ್ಲಿ ಹೇಳಿಬಿಡುವ, ನಮ್ಮಂಥ ಊರಿನವರು ಗಮನ ಕೊಡಬೇಕಾದ ಒಂದು ಮಾತಿದೆ. ಆ ಹೊಲಿಗೆಯ ಸುತ್ತು ಎಷ್ಟೇ ವರ್ಷವಾದರೂ ಮೊದಲಿನಷ್ಟು ಗಟ್ಟಿ ಆಗುವುದಿಲ್ಲ. ಪೆಟ್ಟು ಬಿದ್ದರೆ ಅಲ್ಲೇ ಬಿರಿಯಬಹುದು. ಹಸು ಕಟ್ಟುವವರು, ಸೌದೆ ಒಡೆಯುವವರು, ತೋಟದಲ್ಲಿ ವೀಡ್ ಕಟರ್ ಹಿಡಿಯುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಹಾಲು ಕರೆಯುವಾಗ ಬಾಲದ ಏಟು ಮುಖಕ್ಕೆ ಬೀಳುವುದು ನಮಗೆ ದಿನನಿತ್ಯದ ಸಂಗತಿ, ಬೆಂಗಳೂರಿನ ಕೌನ್ಸೆಲರ್ ಪಟ್ಟಿಯಲ್ಲಿ ಅದು ಇರುವುದಿಲ್ಲ. ರಕ್ಷಣೆಯ ಕನ್ನಡಕ ಇಲ್ಲದೆ ಆ ಕೆಲಸಗಳಿಗೆ ಇಳಿಯಬಾರದು. ಮತ್ತೆ ದೃಷ್ಟಿ ನಿಲ್ಲುವುದಕ್ಕೆ ಒಂದು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ. ಹೊಲಿಗೆ ಎಳೆದ ಕಡೆ ಕಾರ್ನಿಯಾ ಸೊಟ್ಟ ಆಗುತ್ತದೆ, ಅದಕ್ಕೆ ದಪ್ಪ ಸಿಲಿಂಡರ್ ಪವರ್ ಕನ್ನಡಕವೋ ಗಟ್ಟಿ ಕಾಂಟ್ಯಾಕ್ಟ್ ಲೆನ್ಸೋ ಬೇಕಾಗಬಹುದು. ಹೊಲಿಗೆ ಸಡಿಲವಾದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಆಗ ನಾಳೆ ನಾಡಿದ್ದು ಅನ್ನಬಾರದು, ಅಲ್ಲಿಂದಲೇ ಸೋಂಕು ಒಳಗೆ ಹೋಗುತ್ತದೆ.

ಎರಡನೆಯದು ಡಾಲ್ಕ್. ಮುಂದಿನ ಪದರಗಳು ಮಾತ್ರ ಹಾಳಾಗಿ, ಒಳಗಿನ ಎಂಡೋಥೀಲಿಯಂ ಚೆನ್ನಾಗಿದ್ದರೆ ಮುಂದಿನದನ್ನಷ್ಟೇ ಬದಲಾಯಿಸುತ್ತಾರೆ. ಕಾರ್ನಿಯಾ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಇರುವ ಹುಡುಗರಿಗೆ ಹೆಚ್ಚಾಗಿ ಇದು. ಸ್ವಂತ ಎಂಡೋಥೀಲಿಯಂ ಉಳಿದುಕೊಳ್ಳುವುದರಿಂದ ಆ ಪದರದ ರಿಜೆಕ್ಷನ್ (ದಾನಿಯದ್ದನ್ನು ನಮ್ಮ ದೇಹ ಒಪ್ಪದಿರುವುದು) ಭಯವೇ ಇಲ್ಲ, ಕಣ್ಣೂ ಪಿಕೆಗಿಂತ ಗಟ್ಟಿ. ಹೊಲಿಗೆ ಮಾತ್ರ ಇಲ್ಲೂ ಇದೆ. ಆಪರೇಷನ್ ನಡುವೆ ಒಳಪದರ ಹರಿದರೆ ಅಲ್ಲೇ ಪಿಕೆಗೆ ಬದಲಾಯಿಸಬೇಕಾಗುತ್ತದೆ. ಸಹಿ ಹಾಕುವ ಫಾರಂನಲ್ಲಿ ಎರಡೂ ಹೆಸರು ಇರುವುದು ಅದಕ್ಕೇ, ಮೋಸ ಅಂದುಕೊಳ್ಳಬೇಡಿ.

ಆದರೆ ಕೆರಟೋಕೋನಸ್ ಅಂದ ತಕ್ಷಣ ಕಸಿ ಅಂತ ಯಾರಾದರೂ ಹೇಳಿದರೆ ಇನ್ನೊಂದು ಕಡೆ ತೋರಿಸಿ. ನಮ್ಮ ಭಾವನ ಮಗನಿಗೆ ಇದೇ ಕಾಯಿಲೆ. ಸದಾ ಕಣ್ಣು ಉಜ್ಜುವ ಹುಡುಗ, ಕನ್ನಡಕದ ಪವರ್ ಪದೇಪದೇ ಬದಲಾಗುತ್ತಿತ್ತು. ಅವನಿಗೆ ಸಿ3ಆರ್ ಮಾಡಿ ನಿಲ್ಲಿಸಿದರು. ರೈಬೋಫ್ಲೇವಿನ್ ಅಂದರೆ ವಿಟಮಿನ್ ಬಿ2 ಹನಿ ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ ಅದು. ಕಾಯಿಲೆ ಮುಂದುವರಿಯದಂತೆ ತಡೆಯುತ್ತದೆ, ಉಬ್ಬಿದ್ದನ್ನು ಪೂರ್ತಿ ಇಳಿಸುವುದಿಲ್ಲ. ಕಾರ್ನಿಯಾ ತೀರಾ ತೆಳುವಾಗುವ ಮೊದಲೇ ಮಾಡಿಸಬೇಕು, ಮಾಮೂಲಿ ವಿಧಾನಕ್ಕೆ 400 ಮೈಕ್ರಾನ್ ಆದರೂ ಇರಬೇಕು ಅನ್ನುತ್ತಾರೆ. ಈಗ ಅವನು ಗಟ್ಟಿ ಲೆನ್ಸ್ ಹಾಕಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ, ಕಸಿಯ ಮಾತೇ ಇಲ್ಲ.

ಇನ್ನು ನಮ್ಮದು. ಒಳಪದರ ಮಾತ್ರ ಹಾಳಾದವರಿಗೆ ಡಿಸೆಕ್, ಡಿಮೆಕ್ ಅಂತ ಎರಡು. ಎರಡರಲ್ಲೂ ಹಾಳಾದ ಒಳಪದರ ಸುಲಿದು ತೆಗೆದು, ದಾನಿಯ ಒಳಪದರವನ್ನು ಪುಟ್ಟ ಗಾಯದಿಂದ ಒಳಗೆ ತೂರಿಸಿ ಬಿಡಿಸಿ, ಕೆಳಗಿನಿಂದ ಗಾಳಿಗುಳ್ಳೆ ಬಿಟ್ಟು ಮೇಲಕ್ಕೆ ಅಂಟಿಸುತ್ತಾರೆ. ಗ್ರಾಫ್ಟ್‌ಗೆ, ಅಂದರೆ ದಾನಿಯಿಂದ ತಂದು ಹಾಕಿದ ಪದರಕ್ಕೆ, ಹೊಲಿಗೆ ಇಲ್ಲ, ಗಾಯದ ಬಾಯಿಗೆ ಬೇಕಾದರೆ ಒಂದೆರಡು. ಡಿಸೆಕ್‌ನಲ್ಲಿ ಒಳಪದರದ ಜೊತೆ ಸ್ವಲ್ಪ ಸ್ಟ್ರೋಮಾನೂ ಬರುತ್ತದೆ, ಹಾಗಾಗಿ ದಪ್ಪ, ಕೈಯಲ್ಲಿ ಹಿಡಿಯಲು ಸುಲಭ. ಡಿಮೆಕ್‌ನಲ್ಲಿ ಬರೀ ಡೆಸಿಮೆಟ್ ಪೊರೆ ಮತ್ತು ಎಂಡೋಥೀಲಿಯಂ, 10, 15 ಮೈಕ್ರಾನ್ ಅಷ್ಟೇ, ತೆಗೆದ ತಕ್ಷಣ ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಕಣ್ಣೊಳಗೆ ಸರಿಯಾದ ಮಗ್ಗುಲಿಗೆ ಬಿಡಿಸುವುದೇ ದೊಡ್ಡ ಕಸರತ್ತು. ಆದರೆ ಸರಿಯಾಗಿ ಕೂತರೆ ದೃಷ್ಟಿ ಬೇಗ ಬರುತ್ತದೆ, ಚೆನ್ನಾಗಿ ಬರುತ್ತದೆ, ರಿಜೆಕ್ಷನ್ನೂ ಮೂರರಲ್ಲಿ ಅತಿ ಕಮ್ಮಿ. ಪಿಕೆಯಲ್ಲಿ ಅತಿ ಜಾಸ್ತಿ, ಡಿಸೆಕ್ ಮಧ್ಯೆ.

ಹಾಗಾದರೆ ಎಲ್ಲರೂ ಡಿಮೆಕ್ಕೇ ಮಾಡಿಸಬಹುದಲ್ವಾ ಅಂತ ನಾನೂ ಕೇಳಿದೆ. ಸರ್ಜನ್ ಸ್ಕ್ರೀನಿನಲ್ಲಿ ಅಮ್ಮನ ಕಣ್ಣು ತೋರಿಸಿದರು. ಕಾರ್ನಿಯಾ ಎಷ್ಟು ಮಬ್ಬಾಗಿತ್ತು ಅಂದರೆ ಹಿಂದಿನ ಪಾಪೆಯ ಅಂಚೇ ಸರಿಯಾಗಿ ಕಾಣುತ್ತಿರಲಿಲ್ಲ. "ನನಗೇ ಒಳಗೆ ಕಾಣದಿದ್ದರೆ ಆ ಸುರುಳಿ ಹೇಗೆ ಬಿಡಿಸಲಿ ಹೇಳಿ? ಈ ಕಣ್ಣಿಗೆ ಡಿಸೆಕ್ ಸೇಫ್. ಎಡಗಣ್ಣು ಇಷ್ಟು ಕೆಡುವ ಮೊದಲೇ ಬನ್ನಿ, ಅದಕ್ಕೆ ಡಿಮೆಕ್ ಮಾಡೋಣ, ಪೊರೆನೂ ಜೊತೆಯಲ್ಲೇ ತೆಗೆಯೋಣ." ಇಷ್ಟು ನೇರವಾಗಿ ಹೇಳುವ ಡಾಕ್ಟರ್ ಸಿಕ್ಕಿದ್ದೇ ಪುಣ್ಯ. ಪ್ಯಾಕೇಜ್ ದೊಡ್ಡದು ಅಂತ ಡಿಮೆಕ್ ಹಚ್ಚಲಿಲ್ಲ ನೋಡಿ, ಅದಕ್ಕೇ ಐದಕ್ಕೆ ಐದು.

ಸುಣ್ಣ ಬಿದ್ದು ಕೆಟ್ಟ ಕಣ್ಣಿನ ವಿಷಯ ಬೇರೆಯೇ. 1905ರ ಡಿಸೆಂಬರ್‌ನಲ್ಲಿ ಎಡುವಾರ್ಡ್ ಜಿರ್ಮ್ ಎಂಬ ಡಾಕ್ಟರು ಈಗಿನ ಜೆಕ್ ದೇಶದ ಒಲೊಮೊಟ್ಸ್ ಊರಿನಲ್ಲಿ ಮನುಷ್ಯರಿಗೆ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದ್ದು ಸುಣ್ಣ ಬಿದ್ದು ಎರಡೂ ಕಣ್ಣು ಕೆಟ್ಟಿದ್ದ ಕೂಲಿಯವನಿಗೆ. ಎರಡು ಕಣ್ಣಲ್ಲಿ ಒಂದರದ್ದು ಉಳಿಯಿತು. ಅಷ್ಟಾದರೂ ಇವತ್ತಿಗೂ ಸುಣ್ಣದ ಕಣ್ಣು ಅಂದರೆ ಡಾಕ್ಟರುಗಳು ಮುಖ ಗಂಭೀರ ಮಾಡುತ್ತಾರೆ. ಕರಿಗುಡ್ಡೆಯ ಅಂಚಿನಲ್ಲಿರುವ ಕಾಂಡಕೋಶಗಳೇ ಸುಟ್ಟುಹೋದರೆ ಮೇಲೆ ಎಂಥ ಒಳ್ಳೆಯ ಕಾರ್ನಿಯಾ ಹೊಲಿದರೂ ನಿಲ್ಲುವುದಿಲ್ಲ, ಮೊದಲು ಇನ್ನೊಂದು ಕಣ್ಣಿನಿಂದ ಆ ಕೋಶ ತಂದು ಬೆಳೆಸಬೇಕು. ಹೈದರಾಬಾದಿನ ಎಲ್‌.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ ಇದರಲ್ಲಿ ಹೆಸರು ಮಾಡಿದೆ. ಎಲೆಅಡಿಕೆ ಹಾಕುವ ಅಜ್ಜಂದಿರ ಸುಣ್ಣದ ಟ್ಯೂಬು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹಿಚುಕಿದರೆ ನೇರ ಕಣ್ಣಿಗೆ ಹಾರುತ್ತದೆ. ಬಿದ್ದರೆ ಅರ್ಧ ಗಂಟೆಯಾದರೂ ನೀರು ಸುರಿಯುತ್ತಲೇ ಇರಿ, ಆಮೇಲೆ ಆಸ್ಪತ್ರೆ.

ಟಿಶ್ಯೂ, ಅಂದರೆ ದಾನಿಯ ಕಾರ್ನಿಯಾ, ಸಿಗುವುದು ಹೇಗೆ ಅನ್ನುವುದು ಎಲ್ಲರ ಇನ್ನೊಂದು ಚಿಂತೆ. ದುಡ್ಡು ಕೊಟ್ಟು ಕಾರ್ನಿಯಾ ಕೊಳ್ಳುವಂತಿಲ್ಲ, 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಅದು ಅಪರಾಧ. ಬಿಲ್ಲಿನಲ್ಲಿ "ಟಿಶ್ಯೂ ಪ್ರೊಸೆಸಿಂಗ್" ಅಂತ ಬರುವುದು ಐ ಬ್ಯಾಂಕು ಸಂಗ್ರಹಿಸಿ, ಪರೀಕ್ಷೆ ಮಾಡಿ, ಕೆಡದಂತೆ ಇಡುವ ಖರ್ಚು. ಬ್ಲಡ್ ಗ್ರೂಪ್ ಹೊಂದಬೇಕು ಅನ್ನುವ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ, ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲವಲ್ಲ. ತೀರಿಹೋದ ಆರು ಗಂಟೆಯೊಳಗೆ ತೆಗೆಯಬೇಕು. ದಾನಿಗೆ ಸಕ್ಕರೆ ಕಾಯಿಲೆ ಇದ್ದರೂ, ಬಿಪಿ ಇದ್ದರೂ, ಪೊರೆ ಆಪರೇಷನ್ ಆಗಿದ್ದರೂ ಪರವಾಗಿಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬೀಸ್‌ನಂಥವು ಇದ್ದರೆ ಆಗುವುದಿಲ್ಲ. ಐ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆಫ್ ಮಾಡಬೇಕು, ತಲೆಯ ಕೆಳಗೆ ದಿಂಬು ಇಡಬೇಕು. ಬದುಕಿದ್ದಾಗ ಫಾರಂ ತುಂಬಿರಲೇಬೇಕು ಅಂತೇನಿಲ್ಲ, ಮನೆಯವರು ಒಪ್ಪಿದರೆ ಸಾಕು.

ಪದರದ ಲೆಕ್ಕ ತಲೆಗೆ ಹೋಗದಿದ್ದರೆ ಅಪ್ಪು ಅವರದ್ದು ನೆನಪು ಮಾಡಿಕೊಳ್ಳಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳನ್ನು ನಾರಾಯಣ ನೇತ್ರಾಲಯ ಪಡೆದುಕೊಂಡಿತು. ಎರಡು ಕಾರ್ನಿಯಾ, ದೃಷ್ಟಿ ಬಂದದ್ದು ನಾಲ್ಕು ಜನಕ್ಕೆ. ಹೇಗೆ ಅಂದರೆ, ಒಂದೊಂದು ಕಾರ್ನಿಯಾವನ್ನೂ ಮುಂದಿನ ಭಾಗ, ಹಿಂದಿನ ಭಾಗ ಅಂತ ಬಿಡಿಸಿದರು. ಮುಂದಿನದ್ದು ಮುಂದಿನ ಪದರ ಹಾಳಾದ ಇಬ್ಬರಿಗೆ, ಹಿಂದಿನದ್ದು ಒಳಪದರ ಹಾಳಾದ ಇಬ್ಬರಿಗೆ. ಇದನ್ನು ಹೇಳಿದ ಮೇಲೆ ಚಿಕ್ಕಪ್ಪನಿಗೂ ಅರ್ಥವಾಯಿತು. (ನಾವು ಹೋದದ್ದು ಬೇರೆ ಆಸ್ಪತ್ರೆಗೆ, ಗೊಂದಲ ಬೇಡ.)

ಇನ್ನು ನಮ್ಮ ಅನುಭವ. ಹೆಸರು ಬರೆಸಿ ಬಂದ ಮೇಲೆ ಟಿಶ್ಯೂ ಬಂದಾಗ ಫೋನ್ ಮಾಡುತ್ತೇವೆ ಅಂದರು. ಫೋನ್ ಬಂದಾಗ "ನಾಳೆ ಬೆಳಗ್ಗೆ ಇಲ್ಲಿರಿ" ಅಷ್ಟೇ. ಟಿಶ್ಯೂ ಜಾಸ್ತಿ ದಿನ ಇಡುವ ವಸ್ತುವಲ್ಲ, ಇಡುವ ದ್ರಾವಣದ ಮೇಲೆ ನಾಲ್ಕು ದಿನದಿಂದ ಹೆಚ್ಚೆಂದರೆ ಎರಡು ವಾರ. ಹಾಗಾಗಿ ಬ್ಯಾಗು ಕಟ್ಟಿಟ್ಟಿರಿ, ಶುಗರ್ ಬಿಪಿ ಹತೋಟಿಯಲ್ಲಿರಲಿ, ಫೋನ್ ಸೈಲೆಂಟ್ ಹಾಕಬೇಡಿ. ಆಪರೇಷನ್ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮಾಡಿದರು, ಅಮ್ಮ ಎಚ್ಚರವಾಗೇ ಇದ್ದರು. ಸುಮಾರು ಒಂದು ಗಂಟೆ.

ಕಷ್ಟ ಶುರುವಾದದ್ದು ಆಮೇಲೆ. ಗಾಳಿಗುಳ್ಳೆ ಗ್ರಾಫ್ಟನ್ನು ಮೇಲಕ್ಕೆ ಒತ್ತಿ ಹಿಡಿಯಬೇಕಾದರೆ ಮಲಗಿದವರು ಸೂರನ್ನೇ ನೋಡುತ್ತಿರಬೇಕು. ಪಕ್ಕಕ್ಕೆ ಹೊರಳುವ ಹಾಗಿಲ್ಲ, ದಿಂಬೂ ಇಲ್ಲ. ಅಮ್ಮನಿಗೆ ಬೆನ್ನುನೋವು ಬೇರೆ. ವಾರ್ಡಿನಲ್ಲಿ ಸಾಲಾಗಿ ಮಲಗಿದವರೆಲ್ಲ ಮುಖ ಮೇಲೆ ಮಾಡಿಕೊಂಡೇ ಮಾತಾಡುತ್ತಿದ್ದರು, ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಒಬ್ಬರು "ಕಾಫಿ ಕುಡಿದ್ರಾ?" ಅಂದರೆ ನಾಲ್ಕು ಮಂಚದಿಂದ ಉತ್ತರ. ನರ್ಸ್‌ಗಳು ಚೆನ್ನಾಗಿ ನೋಡಿಕೊಂಡರು, "ಅಮ್ಮಾ, ಮೇಲೆ ನೋಡಿ, ಮೇಲೆ" ಅಂತ ಬಂದು ಬಂದು ಎಚ್ಚರಿಸುತ್ತಿದ್ದರು. ಸೊಂಟಕ್ಕೆ ಮಡಚಿದ ಬೆಡ್‌ಶೀಟ್ ಕೊಡಬಹುದು, ಕೇಳಿ.

ಮರುದಿನ ನೋಡಿದರೆ ಗ್ರಾಫ್ಟಿನ ಒಂದು ಅಂಚು ಬಿಟ್ಟುಕೊಂಡಿದೆ ಅಂದರು. ಇದು ಆಗುವಂಥದ್ದೇ, ಡಿಮೆಕ್‌ನಲ್ಲಂತೂ ಇನ್ನೂ ಸಾಮಾನ್ಯ. ಮತ್ತೆ ಗಾಳಿ ಬಿಡಬೇಕು, ರೀಬಬ್ಲಿಂಗ್ ಅನ್ನುತ್ತಾರೆ. ಮಾಡಿದರು, ಅಂಟಿಕೊಂಡಿತು. ಅದರ ಬಗ್ಗೆ ದೂರಿಲ್ಲ. ದೂರು ಇರುವುದು ಡಿಸ್ಚಾರ್ಜ್ ದಿನ ಬಂದ ಬಿಲ್ಲಿನ ಬಗ್ಗೆ. ಪ್ಯಾಕೇಜು ಅಂತ ಮೊದಲು ಒಂದು ಮೊತ್ತ ಹೇಳಿ, ಆಮೇಲೆ ರೀಬಬ್ಲಿಂಗ್ ಪ್ಯಾಕೇಜಿನಲ್ಲಿ ಬರಲ್ಲ, ಜಾಸ್ತಿ ಇದ್ದ ದಿನದ ಬೆಡ್ ಚಾರ್ಜು ಬೇರೆ, ಡ್ರಾಪ್ಸ್ ಬೇರೆ. ಆಗುವ ಸಾಧ್ಯತೆ ಇದೆ ಅಂತ ಸಹಿ ಹಾಕಿಸಿಕೊಂಡ ಮೇಲೆ ಅದರ ರೇಟೂ ಅದೇ ಕಾಗದದಲ್ಲಿ ಬರೆಯಬಹುದಲ್ವಾ? ಕೌನ್ಸೆಲರ್ ಹತ್ತಿರ ಹೋದರೆ ಬಿಲ್ಲಿಂಗ್ ಕಡೆ ಕೈ ತೋರಿಸಿದರು, ಬಿಲ್ಲಿಂಗಿನವರು ಕೌನ್ಸೆಲರ್ ಕಡೆ. ಕೊನೆಗೆ ಸ್ವಲ್ಪ ಕಮ್ಮಿ ಮಾಡಿದರು. ಕೇಳದವರಿಗೆ ಕಮ್ಮಿ ಮಾಡುತ್ತಿರಲಿಲ್ಲ ಅನ್ನುವುದೂ ಗೊತ್ತಾಯಿತು.

ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮಾಡಿಸಲು ನೋಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಕೇಳುತ್ತಾರೆ, ಹಾಸನದವರಿಗೆ ಅದು ಹಿಮ್ಸ್. ಬೆಂಗಳೂರಿಗೆ ಹೋದ ಮೇಲೆ ಪತ್ರಕ್ಕೆ ವಾಪಸ್ ಬಂದವರನ್ನು ನೋಡಿದ್ದೇನೆ. ಹೊರಡುವ ಮೊದಲೇ ಆರೋಗ್ಯ ಮಿತ್ರರನ್ನು (ಈ ಯೋಜನೆಯ ವಿಷಯ ನೋಡಿಕೊಳ್ಳಲು ಆಸ್ಪತ್ರೆಯಲ್ಲಿ ಇರುವವರು) ಕಂಡು, ನಿಮಗೆ ಹೇಳಿರುವ ಆಪರೇಷನ್ ಹೆಸರನ್ನೇ ಹೇಳಿ ಅದು ಆ ಆಸ್ಪತ್ರೆಯಲ್ಲಿ ಬರುತ್ತಾ ಅಂತ ಕೇಳಿ. ಬರೀ ಕಣ್ಣಿನ ಆಪರೇಷನ್ ಅಂದರೆ ಪೊರೆ ಅಂದುಕೊಂಡು ಹೂಂ ಅನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಿನ ಮಿಂಟೋ ಇದೆ. ಮೆಡಿಕ್ಲೇಮ್ ಇರುವವರು ಟಿಶ್ಯೂ ಚಾರ್ಜು ಕವರ್ ಆಗುತ್ತಾ ಅಂತ ಬರಹದಲ್ಲಿ ತರಿಸಿಕೊಳ್ಳಿ.

ವಾಪಸ್ ಬರುವ ದಾರಿ ಬಗ್ಗೆ ಒಂದು ಮಾತು. ಬೆಂಗಳೂರು ಹಾಸನದ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಹಾಗಾಗಿ ನಮಗೆ ತೊಂದರೆ ಇರಲಿಲ್ಲ. ಮಂಗಳೂರಿನಲ್ಲಿ ಮಾಡಿಸಿಕೊಂಡು ಬರುವವರು ಶಿರಾಡಿ ಹತ್ತುವ ಮೊದಲು, ಚಿಕ್ಕಮಗಳೂರಿನವರಾದರೆ ಚಾರ್ಮಾಡಿ ಹತ್ತುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಕಣ್ಣೊಳಗೆ ಗಾಳಿ ಅಥವಾ ಗ್ಯಾಸ್ ಗುಳ್ಳೆ ಇರುವಾಗ ಮೇಲೇರಿದಷ್ಟೂ ಅದು ಹಿಗ್ಗುತ್ತದೆ, ಪ್ರೆಶರ್ ಏರುತ್ತದೆ. ವಿಮಾನ ಹತ್ತಬೇಡಿ ಅನ್ನುವುದು ಇದೇ ಕಾರಣಕ್ಕೆ. ಗಾಳಿಗುಳ್ಳೆ ಕರಗಲು ಕೆಲವು ದಿನ ಸಾಕು, ಗ್ಯಾಸ್ ಆದರೆ ಇನ್ನೂ ಜಾಸ್ತಿ, ಅಷ್ಟು ದಿನ ಕೆಳಗೇ ಯಾರಾದರೂ ನೆಂಟರ ಮನೆಯಲ್ಲಿ ಇದ್ದುಬಿಡಿ.

ಮನೆಗೆ ಬಂದ ಮೇಲೆ ಡ್ರಾಪ್ಸ್. ಇದರಲ್ಲೇ ಅರ್ಧ ಆಪರೇಷನ್ ಇದೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಬಾಟಲಿ ಚೆನ್ನಾಗಿ ಅಲ್ಲಾಡಿಸಬೇಕು, ಔಷಧಿ ಬಿಳಿ ಪುಡಿಯಾಗಿ ತಳದಲ್ಲಿ ಕೂತಿರುತ್ತದೆ, ಅಲ್ಲಾಡಿಸದೆ ಹಾಕಿದರೆ ಬರೀ ನೀರು ಬೀಳುತ್ತದೆ. ಕೆಳರೆಪ್ಪೆ ಎಳೆದು ಆ ಜೋಳಿಗೆಗೆ ಒಂದೇ ಹನಿ. ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ಎರಡು ಬೇರೆ ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಬೇಕು. ನಮ್ಮ ಅತ್ತಿಗೆ ಕ್ಯಾಲೆಂಡರಿನಲ್ಲಿ ಹೊತ್ತು ಬರೆದು ಗೀಟು ಹಾಕುತ್ತಿದ್ದರು. ಈ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಾಕಬೇಕು, ನಿಧಾನಕ್ಕೆ ಕಮ್ಮಿ ಮಾಡುತ್ತಾ ಹೋಗುತ್ತಾರೆ. ಕೆಂಪು ಹೋಯಿತು ಅಂತ ನೀವೇ ನಿಲ್ಲಿಸಬಾರದು. ಕೆಲವರಿಗೆ ಇದರಿಂದಲೇ ಕಣ್ಣಿನ ಪ್ರೆಶರ್ ಏರುತ್ತದೆ, ನೋವೂ ಇರುವುದಿಲ್ಲ, ಗ್ಲಾಕೋಮಾ ಆಗಿ ನರ ಹಾಳಾದ ಮೇಲೆ ಗೊತ್ತಾಗುತ್ತದೆ. ಅಮ್ಮನಿಗೂ ಪ್ರೆಶರ್ ಏರಿತ್ತು. ಹಿಡಿದದ್ದು ಹಾಸನದ ಡಾಕ್ಟರು.

ಅದಕ್ಕೇ ಹೇಳುವುದು, ಫಾಲೋಅಪ್ ಪೂರ್ತಿ ಬೆಂಗಳೂರಿಗೆ ಕಟ್ಟಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಬೆಳಗ್ಗೆ ಟೋಕನ್ ತೆಗೆದುಕೊಂಡರೆ ಸರ್ಜನ್ ಮುಂದೆ ಕೂರುವುದು ಮಧ್ಯಾಹ್ನ, ನೋಡುವುದು ಐದು ನಿಮಿಷ. ನಮ್ಮ ಸರ್ಜನ್‌ಗೆ ನೇರವಾಗಿ ಕೇಳಿದೆ, ಮಧ್ಯದ ಚೆಕಪ್‌ಗಳನ್ನು ಹಾಸನದಲ್ಲಿ ಮಾಡಿಸಬಹುದಾ ಅಂತ. ಖುಷಿಯಿಂದ ಒಪ್ಪಿ ಪತ್ರ ಬರೆದುಕೊಟ್ಟರು, ಪ್ರತಿ ಸಲ ಪ್ರೆಶರ್ ಎಷ್ಟು ಅಂತ ವಾಟ್ಸಾಪ್ ಮಾಡಿ ಅಂದರು. ಇಲ್ಲಿಯ ಡಾಕ್ಟರೂ ದೊಡ್ಡತನದಿಂದ ನೋಡಿಕೊಂಡರು. ತಾವು ಮಾಡದ ಆಪರೇಷನ್ನಿನ ಫಾಲೋಅಪ್ ತಮಗ್ಯಾಕೆ ಅನ್ನುವವರೂ ಇದ್ದಾರೆ, ಅಂಥವರ ಮನೆಗೂ ಹೋಗಿಬಂದವರು ನಾವು. ಕಣ್ಣು ಕೆಂಪಾಗುವುದು, ಬೆಳಕು ತಡೆಯದಿರುವುದು, ನೋಟ ಮಬ್ಬಾಗುವುದು, ನೋವು, ಇದರಲ್ಲಿ ಯಾವುದಾದರೂ ಬಂದರೆ ಅದೇ ದಿನ ತೋರಿಸಬೇಕು. ರಿಜೆಕ್ಷನ್ ಬೇಗ ಹಿಡಿದರೆ ಡ್ರಾಪ್ಸ್ ಜಾಸ್ತಿ ಮಾಡಿಯೇ ಎಷ್ಟೋ ಸಲ ಗ್ರಾಫ್ಟ್ ಉಳಿಸಬಹುದು. ಆ ಹೊತ್ತಿಗೆ ಅರ್ಧ ಗಂಟೆಯಲ್ಲಿ ತಲುಪುವ ಡಾಕ್ಟರೇ ಬೇಕು, ಬೆಂಗಳೂರಿನ ರೈಲಿಗೆ ಕಾದು ಕೂರುವ ಹೊತ್ತಲ್ಲ ಅದು.

ಆಸ್ಪತ್ರೆಯ ಇನ್ನೆರಡು ಕೊರತೆ. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷ್, ಡ್ರಾಪ್ಸ್ ಹಾಕುವ ಪಟ್ಟಿಯಾದರೂ ಕನ್ನಡದಲ್ಲಿ ಇರಬಾರದಾ? ಮತ್ತೆ ಅದರಲ್ಲಿ ಬರೆದ ಎಮರ್ಜೆನ್ಸಿ ನಂಬರು ರಾತ್ರಿ ಹೊತ್ತು ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಕ್ಯಾಂಟೀನ್ ಇಡ್ಲಿ ಚೆನ್ನಾಗಿತ್ತು, ಅದನ್ನೂ ಹೇಳಿಬಿಡಬೇಕು.

ಈಗ ಅಮ್ಮ ಬಲಗಣ್ಣಲ್ಲಿ ಪೇಪರಿನ ದಪ್ಪಕ್ಷರ ಓದುತ್ತಾರೆ, ಅಕ್ಕಿ ಆರಿಸುತ್ತಾರೆ, ಸೂಜಿಗೆ ದಾರ ಮಾತ್ರ ಇನ್ನೂ ಬೇರೆಯವರು ಪೋಣಿಸಿ ಕೊಡಬೇಕು. ಎಡಗಣ್ಣಿಗೆ ಉಪ್ಪಿನ ಡ್ರಾಪ್ಸ್ ನಡೆಯುತ್ತಿದೆ, 5 ಪರ್ಸೆಂಟ್ ಸೋಡಿಯಂ ಕ್ಲೋರೈಡ್, ಊತ ಸ್ವಲ್ಪ ಎಳೆಯುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಡಿಮೆಕ್‌ಗೆ ಹೆಸರು ಬರೆಸುತ್ತೇವೆ. ಅದೇ ಆಸ್ಪತ್ರೆಗೆ, ಅದೇ ಸರ್ಜನ್ ಹತ್ತಿರ. ಈ ಸಲ ರೀಬಬ್ಲಿಂಗ್ ಎಷ್ಟು, ಒಂದು ದಿನ ಜಾಸ್ತಿ ಇದ್ದರೆ ಎಷ್ಟು ಅಂತ ಮೊದಲೇ ಬರೆಸಿ ಸೀಲ್ ಹಾಕಿಸಿಕೊಂಡೇ ಸಹಿ ಮಾಡುವುದು.